ಕಿಸೆಯೊಳಗಿನ ಪ್ರಶ್ನೆ

ಅಂಗಿಯ ಕಿಸೆಯಲ್ಲಿ ಮರೆತ ಕಾಗದವೊಂದು ಒಗೆತಕ್ಕೆ ಸಿಕ್ಕಿತೆಂದರೆ ಅದರ ಮೇಲೆ ಏನು ಬರೆದಿತ್ತೆಂಬುದನ್ನು ಜಗತ್ತಿನ ಯಾವ ವಿದ್ವಾಂಸನೂ ಹೇಳಲಾರ. ಬಸ್ಸಿನ ಟಿಕೀಟಾಗಿರಲಿ, ಪ್ರೇಮಪತ್ರವಾಗಿರಲಿ, ಎಲ್ಲವೂ ಒಂದೇ ಬಣ್ಣದ, ಒಂದೇ ಹದದ ಮುದ್ದೆಯಾಗಿ ಪರಮ ಅದ್ವೈತವನ್ನು ಸೇರಿಬಿಟ್ಟಿರುತ್ತದೆ. ಯರಗಟ್ಟಿಯ ನಮ್ಮ ಮನೆಯ ಹಿತ್ತಲಲ್ಲಿರುವ ಒಗೆಯುವ ಕಲ್ಲಿನ ಮೇಲೆ ಹೀಗೆ ಮುದ್ದೆಯಾದ ಚೀಟಿಗಳಲ್ಲಿ ರಸಾಯನಶಾಸ್ತ್ರವಿತ್ತು, ತತ್ವಶಾಸ್ತ್ರವಿತ್ತು, ಚಿತ್ರಕಲೆಯಿತ್ತು, ವೈದ್ಯವಿಜ್ಞಾನವೂ ಇತ್ತು. ಅವ್ವನಿಗೆ ಮಾತ್ರ ಜ್ಞಾನಶಾಖೆಗಳ ಈ ಭೇದಭಾವವಿಲ್ಲ. “ನಿನ್ನ ಕಿಸೇದಾಗಿನ ಹಾಳಿ ಆರಿಸಿ ಆರಿಸಿ ನನ್ನ ಉಗರು ಸವದಾವು. ಅದೇನ್ ಬರಕೊಂಡು ತಿರಗತಿಯೋ ಏನೋ!” ಎನ್ನುತ್ತಾಳೆ.

ನಾನು ಬರೆದುಕೊಂಡದ್ದಲ್ಲ ಅವು, ಬೇರೆಯವರು ಬರೆದುಕೊಟ್ಟದ್ದು. ಇದನ್ನು ವಿವರಿಸದಿದ್ದರೆ ನೀವು ನನ್ನನ್ನು ಇನ್ನೇನೋ ಅಂದುಕೊಳ್ಳುವ ಅಪಾಯವಿದೆ. ವಿವರಿಸಿದರೆ ಇರುವುದನ್ನೇ ಅಂದುಕೊಳ್ಳುತ್ತೀರಿ. ಇರಲಿ.

ಬೈಲಹೊಂಗಲದ ಒಂದು ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕ. ಅತಿಥಿಯೆಂದು ಕರೆದು ಚಹಾ ಕೂಡ ಕೊಡದ ಏಕೈಕ ಹುದ್ದೆ ಇದು. ಅದಕ್ಕೂ ಮುಂಚೆ, ವಿದ್ಯಾರ್ಥಿಯಾಗಿದ್ದಾಗ, ನಾನು ಚರ್ಚಾಸ್ಪರ್ಧೆಗಳ ಹುಲಿ. ಪರವೋ ವಿರೋಧವೋ ಎಂಬುದು ವೇದಿಕೆ ಹತ್ತುವ ಮೆಟ್ಟಿಲಿನ ಮೇಲೆ ಗೊತ್ತಾದರೂ ಸಾಕು, ಮೇಲೆ ಹೋಗುವಷ್ಟರಲ್ಲಿ ಅದು ನನ್ನ ಜನ್ಮಸಿದ್ಧ ಅಭಿಪ್ರಾಯವಾಗಿರುತ್ತಿತ್ತು. ಕಿತ್ತೂರಿನಿಂದ ರಾಮದುರ್ಗದವರೆಗೆ ಗೆದ್ದು ತಂದ ಫಲಕಗಳು ನಮ್ಮ ಮನೆಯ ಗೂಡಿನಲ್ಲಿ ಒಂದಕ್ಕೊಂದು ಆತುಕೊಂಡು ನಿಂತಿವೆ, ಯಾವುದಾದರೂ ಒಂದನ್ನು ತೆಗೆದರೆ ಎಲ್ಲವೂ ಬೀಳುತ್ತವೆ. ನನ್ನ ಅಂದಿನ ವಾದಗಳ ರಚನೆಯೂ ಹೀಗೆಯೇ ಇತ್ತೆಂದು ಈಗ ಅನಿಸುತ್ತದೆ.

ಈ ಖ್ಯಾತಿ ಒಂದು ವಿಶ್ವವಿದ್ಯಾಲಯವನ್ನು ತಲುಪಿತು, ಅದರ ಹೆಸರು ಹೇಳುವುದು ಬೇಡ. ಅಲ್ಲಿ ಪಿಎಚ್.ಡಿ.ಯ ಕೊನೆಯ ಮೌಖಿಕ ಪರೀಕ್ಷೆ, ಅಂದರೆ ಎಲ್ಲರೂ ಓಪನ್ ವೈವಾ ಎನ್ನುವುದು, ಸಾರ್ವಜನಿಕವಾಗಿ ನಡೆಯುತ್ತದೆ. ಸಭೆಯಲ್ಲಿ ಕುಳಿತ ಯಾವನೇ ಆಗಲಿ ಎದ್ದು ಪ್ರಶ್ನೆ ಕೇಳಬಹುದು. ಎಂಥ ಉದಾತ್ತ ನಿಯಮ ನೋಡಿ! ಆದರೆ ಸಭೆಯಲ್ಲಿ ಕುಳಿತವರು ಯಾರು? ಸಂಶೋಧಕರ ಬೀಗರು, ನೆರೆಹೊರೆಯವರು, ಶಾಲು ಹಾರ ಹಿಡಿದುಕೊಂಡು ಬಂದ ಕಾಕಾ, ಮಾಮಾ. ಅವರು ಕೇಳುವುದೇನು? ಯಾರೂ ಕೇಳದಿದ್ದರೆ ಮೌನ ಕೆಟ್ಟದಾಗಿ ಕಾಣುತ್ತದೆ. ಆದ್ದರಿಂದ ಗೈಡುಗಳು, ಅಂದರೆ ಮಾರ್ಗದರ್ಶಕ ಪ್ರಾಧ್ಯಾಪಕರು, ಪ್ರಶ್ನೆ ಕೇಳಲು ಒಬ್ಬನನ್ನು ಮೊದಲೇ ಗೊತ್ತುಮಾಡಿಟ್ಟಿರುತ್ತಾರೆ. ಪ್ರಶ್ನೆ ಬರೆಯುವವರು ಸಂಶೋಧಕರು, ಒಪ್ಪುವವರು ಗೈಡು, ಕೇಳುವವ ನಾನು. ಗೌರವಧನ ಮಧ್ಯಾಹ್ನದ ಊಟ. ದನಿ ದೊಡ್ಡದು, ಹೊಟ್ಟೆಯೂ ಸಣ್ಣದಲ್ಲ.

ಹೀಗಾಗಿ ವಿಶ್ವವಿದ್ಯಾಲಯದ ಸಂಶೋಧನೆಯ ವಿಸ್ತಾರವನ್ನು ನನ್ನಷ್ಟು ನೋಡಿದವರು ಕುಲಪತಿಗಳಲ್ಲೂ ಇರಲಾರರು. ಲಿಂಬೆ ಎಲೆಯಿಂದ ಬೆಳ್ಳಿಯ ಸೂಕ್ಷ್ಮ ಕಣಗಳನ್ನು ತಯಾರಿಸಿದವರನ್ನು ಪ್ರಶ್ನಿಸಿದ್ದೇನೆ. ಶೂನ್ಯದ ಪರಿಕಲ್ಪನೆಯ ಮೇಲೆ ಬರೆದವರನ್ನು ಪ್ರಶ್ನಿಸಿದ್ದೇನೆ. ಅಂದು ಬೀಗರ ಗಾಡಿ ಕೆಟ್ಟು ಖಾಲಿ ಸಭಾಂಗಣವೇ ಶೂನ್ಯಕ್ಕೆ ಸಾಕ್ಷ್ಯ ನುಡಿಯುತ್ತಿತ್ತು. ಊಟದ ನಂತರ ಬರುವ ನಿದ್ರೆಯ ಕಾರಣವನ್ನು ವೈದ್ಯಕೀಯವಾಗಿ ಶೋಧಿಸಿದವರ ಮುಂದೆ, ಹಿಂದಿನ ವೈವಾದ ಊಟ ಮುಗಿಸಿ ಬಂದು, ಪ್ರಾಯೋಗಿಕ ಪುರಾವೆಯಾಗಿ ತೂಕಡಿಸಿದ್ದೇನೆ. ಇನ್ನೊಮ್ಮೆ ಹೀಗೆಯೇ ಒಂದೇ ದಿನ ಎರಡು ವೈವಾ ಬಂದು ಕಿಸೆಯಲ್ಲಿ ಚೀಟಿಗಳು ಅದಲುಬದಲಾದವು. ಕಿತ್ತೂರು ಕೋಟೆಯ ಪಾಳುಗೋಡೆಗಳ ಬಣ್ಣಗಳನ್ನು ಕುರಿತು ಬರೆದ ಚಿತ್ರಕಲೆಯ ಸಂಶೋಧಕರಿಗೆ ನಾನು ಎದ್ದು ನಿಂತು, “ಉಷ್ಣತೆ ಹೆಚ್ಚಿಸಿದಾಗ ನಿಮ್ಮ ಕಣಗಳ ಗಾತ್ರ ಬದಲಾಗುತ್ತದೆಯೆ?” ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ಚೀಟಿ ಬೇರೆಯದೆಂದು ಗೊತ್ತಾಯಿತು. ಆ ಮನುಷ್ಯ ಮಾತ್ರ ಕಣ್ಣು ಕೂಡ ಮಿಟುಕಿಸದೆ, “ಖಂಡಿತ ಸರ್, ಬೇಸಿಗೆಯಲ್ಲಿ ಹೆಚ್ಚು,” ಎಂದರು. ಹೊರಗಿನಿಂದ ಬಂದ ಪರೀಕ್ಷಕರು ಇದನ್ನು ಅಂತರಶಿಸ್ತೀಯ ದೃಷ್ಟಿಯೆಂದು ಮೆಚ್ಚಿಕೊಂಡರು. ಚಪ್ಪಾಳೆ ಬಿತ್ತು. ಆ ದಿನ ನಾನು ನಕ್ಕಷ್ಟು ಯಾವತ್ತೂ ನಕ್ಕಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ಕಿಟಕಿಯಿಂದ ವಿಶ್ವವಿದ್ಯಾಲಯವನ್ನು ತಿರುಗಿ ನೋಡಿದೆ. ಯಾವ ಪ್ರಶ್ನೆಗೆ ಯಾವ ಉತ್ತರವೂ ನಡೆಯುವುದಾದರೆ, ಅಷ್ಟು ದೊಡ್ಡ ಕಟ್ಟಡ ಯಾಕೆ?

ಎದುರುಪಕ್ಷದವರು ಇಲ್ಲಿ ಗಂಟೆ ಬಾರಿಸಬಹುದು: ಒಳ್ಳೆಯ ಸಂಶೋಧನೆಯೂ ಇದೆಯಲ್ಲ? ಇದೆ. ಅದನ್ನೇ ಹೇಳಹೊರಟಿದ್ದೇನೆ, ಮತ್ತು ನನ್ನ ನಿರಾಶೆಗೆ ಕಾರಣ ಕೆಟ್ಟ ಸಂಶೋಧನೆಯಲ್ಲ, ಒಳ್ಳೆಯದೇ.

ಸುರೇಬಾನದ ಮಂಜುಳಾ ನೋವಿನ ಬಗ್ಗೆ ಸಂಶೋಧನೆ ಮಾಡಿದವಳು. ಸವದತ್ತಿ, ರಾಮದುರ್ಗ ಕಡೆಯ ಹೆಣ್ಣುಮಕ್ಕಳು ತಮ್ಮ ನೋವನ್ನು ದವಾಖಾನೆಯಲ್ಲಿ ಹೇಗೆ ಹೇಳುತ್ತಾರೆ, ಕೇಳುವವರು ಅದನ್ನು ಏನೆಂದು ಕೇಳಿಸಿಕೊಳ್ಳುತ್ತಾರೆ ಎಂಬುದು ಅವಳ ವಿಷಯ. ವೈದ್ಯವಿಭಾಗದವರು ಇದು ಮಾತಿಗೆ ಸಂಬಂಧಿಸಿದ್ದೆಂದರು. ಕಲಾವಿಭಾಗದವರು ಇದು ದೇಹಕ್ಕೆ ಸಂಬಂಧಿಸಿದ್ದೆಂದರು. ವಿಜ್ಞಾನದವರು ಅಳತೆ ಎಲ್ಲಿದೆ ಎಂದು ಕೇಳಿದರು. ಕೊನೆಗೆ ನೋವು ತತ್ವಶಾಸ್ತ್ರಕ್ಕೆ ಹೋಯಿತು. ಅಲ್ಲಿ ಸೀಟು ಖಾಲಿಯಿತ್ತು.

ವೈವಾಕ್ಕೆ ಒಂದು ವಾರ ಮುಂಚೆ ರಾಮದುರ್ಗದ ಬಸ್ಸಿನಿಂದ ಯರಗಟ್ಟಿಯಲ್ಲಿಳಿದು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳು ನನಗೆ ದಪ್ಪ ಥೀಸಿಸ್ಸನ್ನೂ ಎರಡು ಚೀಟಿಗಳನ್ನೂ ಕೊಟ್ಟಳು. ಒಂದರಲ್ಲಿ, ನಿಮ್ಮ ಸಂಶೋಧನೆಯಿಂದ ಸಮಾಜಕ್ಕೇನು ಉಪಯೋಗ ಎಂಬ ಹಳೆಯ ಪರಿಚಯದ ಪ್ರಶ್ನೆ. ಇನ್ನೊಂದು ಖಾಲಿ.

“ಇದರಾಗ ಏನೂ ಇಲ್ಲಲ್ರಿ?”

“ಬರದದ್ದು ಗೈಡ್ ಸರ್ ಕೊಟ್ಟದ್ರಿ. ಖಾಲಿ ಇದ್ದದ್ದು ನಂದು. ಥೀಸಿಸ್ ಓದ್ರಿ ಸರ್. ಓದಿ ನಿಮಗೇನ್ ಕೇಳಬೇಕನಸತೈತಿ, ಅದನ್ನ ಕೇಳ್ರಿ. ವೈವಾದಾಗ ಕೇಳಿದ್ದಕ್ಕಷ್ಟ ಉತ್ತರ ಕೊಡಬೇಕಂತ. ಯಾರೂ ಕೇಳದಿದ್ರ ನಾ ಹೆಂಗ ಹೇಳಲಿ?”

“ಏನ್ ಕೇಳಬೇಕಂತ ನೀವ ಹೇಳಿಬಿಡ್ರಲ್ಲ.”

“ನಾ ಹೇಳಿದ್ರ ಅದು ನನ್ನ ಪ್ರಶ್ನೆ ಆಗತೈತಿ. ಒಬ್ರರ ಓದ್ಯಾರಂತ ನನಗ ಗೊತ್ತಾಗಬೇಕಲ್ರಿ?” ಎಂದು ಹೇಳಿ ನಕ್ಕಳು. ನಗುವಂತಿತ್ತು, ನಗುವಾಗಿರಲಿಲ್ಲ.

ಅಷ್ಟು ವೈವಾಗಳನ್ನು ಕಂಡಿದ್ದರೂ ನಾನು ಓದಿದ ಮೊದಲ ಥೀಸಿಸ್ ಅದು. ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ನನ್ನೊಳಗಿನ ವಾದಪಟು ಬಾಯಿ ಮುಚ್ಚಿಕೊಂಡಿದ್ದ. ಹೊಟ್ಟೆಯೊಳಗೆ ಹಸಿ ಹಗ್ಗ ಹೊಸೆದಂತಾಗುತ್ತದೆ ಎಂದವಳು ಅಲ್ಲಿದ್ದಳು. ತಲೆಯೊಳಗೆ ಯಾರೋ ಖಾಲಿ ಕೊಡ ಉರುಳಿಸುತ್ತಾರೆ ಎಂದವಳಿದ್ದಳು. ಬೆನ್ನಿನಲ್ಲಿ ಇರುವೆಯ ಸಾಲು ಹೊರಟು ಕಾಲಿಗೆ ಇಳಿಯುತ್ತದೆ ಎಂದು ಪ್ರತಿಸಲವೂ ತಪ್ಪದೆ ಹೇಳಿದ, ಪ್ರತಿಸಲವೂ ಗ್ಯಾಸಿನ ಗುಳಿಗೆ ಹಿಡಿದು ಮನೆಗೆ ಬಂದ ಒಬ್ಬ ಹೆಂಗಸಿದ್ದಳು. ದೊಡ್ಡ ಆಸ್ಪತ್ರೆಯಲ್ಲಿ ಬೆನ್ನೆಲುಬಿನ ನರ ಒತ್ತಿಕೊಂಡದ್ದು ಕಾಣುವ ಹೊತ್ತಿಗೆ ಅವಳ ಎಡಗಾಲು ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: ಸಂಶೋಧಕಿಯ ತಾಯಿ.

ಆಮೇಲೆ ಐದನೆಯ ಅಧ್ಯಾಯ, ಉಪಸಂಹಾರ ಮತ್ತು ಸಲಹೆಗಳು. ಗ್ರಾಮೀಣ ಮಹಿಳೆಯರಲ್ಲಿ ರೋಗಲಕ್ಷಣಗಳನ್ನು ಸ್ಪಷ್ಟವಾಗಿ ನಿರೂಪಿಸುವ ಅರಿವಿನ ಕೊರತೆಯಿರುವುದರಿಂದಲೇ ಚಿಕಿತ್ಸೆ ವಿಳಂಬವಾಗುತ್ತದೆಯೆಂದೂ, ಸರ್ಕಾರವು ಅವರಿಗಾಗಿ ಜಾಗೃತಿ ಶಿಬಿರಗಳನ್ನು ಹಮ್ಮಿಕೊಳ್ಳಬೇಕೆಂದೂ ಅಲ್ಲಿತ್ತು. ಆ ಕನ್ನಡ ಮಂಜುಳಾಳದ್ದಲ್ಲ. ಅದನ್ನು ನಾನು ಎಲ್ಲ ವಿಭಾಗಗಳ ವೈವಾಗಳಲ್ಲೂ ಕೇಳಿದ್ದೇನೆ. ಕಣಗಳ ಕೊನೆಗೂ ಅದೇ, ಕೋಟೆಯ ಕೊನೆಗೂ ಅದೇ. ಗೈಡು ಬರೆಸಿದ್ದರು, ಇವಳು ಬರೆದಿದ್ದಳು. ಒಟ್ಟು ತಾತ್ಪರ್ಯವಿಷ್ಟೆ: ಕಾಲು ಹೋದದ್ದು ತಾಯಿಯದೇ ತಪ್ಪು, ಅವಳಿಗೆ ಹೇಳಲು ಬರಲಿಲ್ಲ. ಪ್ರಶ್ನೆಯೇನೆಂದು ಯಾರೂ ನನಗೆ ಬರೆದುಕೊಡಬೇಕಾಗಿರಲಿಲ್ಲ.

ವೈವಾದ ದಿನ ಸುರೇಬಾನದಿಂದ ಕ್ರೂಸರ್ ಗಾಡಿ ತುಂಬಿ ಜನ ಬಂದರು. ಊರಿನ ಸರ್ಕಲ್ಲಿನಲ್ಲಿ ಹಿಂದಿನ ದಿನವೇ ಮಂಜುಳಾಳ ಹೆಸರಿನ ಹಿಂದೆ ಡಾಕ್ಟರ್ ಎಂದು ಮುದ್ರಿಸಿದ ಫ್ಲೆಕ್ಸ್ ಏರಿತ್ತಂತೆ. ನಮ್ಮ ಕಡೆ ಪರೀಕ್ಷೆಗಿಂತ ಫಲಿತಾಂಶ ಒಂದು ದಿನ ಮುಂದೆ ಓಡುತ್ತದೆ. ಇಬ್ಬರ ಭುಜ ಹಿಡಿದು ತಾಯಿ ಮೆಟ್ಟಿಲು ಹತ್ತಿದಳು. ಹಿಂದೆ ಶೇಂಗಾ ಹೋಳಿಗೆಯ ಡಬ್ಬಿ ಬಂತು.

ಗೈಡು ನನ್ನತ್ತ ನೋಡಿ ತಲೆಯಾಡಿಸಿದಾಗ ನಾನು ಎದ್ದೆ. ಫಲಕಗಳನ್ನು ಗೆದ್ದ ದನಿ ಅಂದು ಎಲ್ಲಿ ಹೋಗಿತ್ತೋ, ಇದ್ದಷ್ಟರಲ್ಲೇ ಕೇಳಿದೆ: “ಮೂರನೆಯ ಅಧ್ಯಾಯದ ಹೆಣ್ಣುಮಕ್ಕಳು ತಮ್ಮ ನೋವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ್ದಾರೆ. ಐದನೆಯ ಅಧ್ಯಾಯ ಅವರಿಗೆ ಹೇಳಲು ಬರುವುದಿಲ್ಲ ಎನ್ನುತ್ತದೆ. ಈ ತೀರ್ಮಾನವನ್ನು ನೀವು ಒಪ್ಪುತ್ತೀರಾ?”

ಮಂಜುಳಾ ತಾನು ಬಾಯಿಪಾಠ ಮಾಡಿದ ಗ್ರಂಥಭಾಷೆಯನ್ನು ಅಲ್ಲೇ ಇಳಿಸಿಬಿಟ್ಟಳು. “ಒಪ್ಪೂದಿಲ್ರಿ ಸರ್. ಐದನೇ ಅಧ್ಯಾಯ ಸುಳ್ಳೈತಿ. ಅವರಿಗೆ ಹೇಳಾಕ ಬರತಿತ್ತು, ಕೇಳವ್ರಿಗೆ ಪುರಸತ್ತಿರಲಿಲ್ಲ. ನಮ್ಮವ್ವ ಹೇಳಿದ್ಲು. ಸರಿಯಾಗೇ ಹೇಳಿದ್ಲು. ಬರದಾಕಿ ನಾನು, ನಾನ ಹೇಳಾಕ ಹತ್ತೇನಿ, ಅದು ತಪ್ಪೈತಿ.”

ಆಕಾಶ ಬೀಳುತ್ತದೆಂದು ಕಾದೆ. ಬೀಳಲಿಲ್ಲ, ಫ್ಯಾನು ತಿರುಗುತ್ತಿತ್ತು. ಪರೀಕ್ಷಕರು ಗಡಿಯಾರ ನೋಡಿಕೊಂಡು, ಸಂಶೋಧಕಿಯ ಆತ್ಮವಿಮರ್ಶೆ ಶ್ಲಾಘನೀಯವೆಂದೂ ಪದವಿಗೆ ಸಂತೋಷದಿಂದ ಶಿಫಾರಸು ಮಾಡುವುದಾಗಿಯೂ ಹೇಳಿದರು. ಚಪ್ಪಾಳೆಯ ಮಧ್ಯೆ ಮಂಜುಳಾ ಗೈಡಿನ ಬಳಿಗೆ ಹೋಗಿ, “ಸರ್, ಹಂಗಾರ ಅಧ್ಯಾಯ ತಿದ್ದಲೇನ್ರಿ?” ಎಂದಳು.

“ಬೈಂಡ್ ಆಗೇತಲ್ಲವಾ! ಹೇಳೀದಿ, ಎಲ್ಲಾರೂ ಕೇಳಿದ್ರು, ಚಲೋ ಆತು, ಮುಗೀತು. ಮೊದಲ ಫೋಟೋಕ್ಕ ಬಾ,” ಎಂದರು ಆ ಸಜ್ಜನರು. ಸಿಟ್ಟಿನಿಂದಲ್ಲ, ವಾತ್ಸಲ್ಯದಿಂದಲೇ.

ನಾನು ಸಂಶಯವಾದಿಯೆಂದು ಬೀಗಿದವನು. ವಿದ್ಯಾಸಂಸ್ಥೆಗಳು ಸತ್ಯಕ್ಕೆ ಹೆದರುತ್ತವೆಂದು ಎಷ್ಟೋ ವೇದಿಕೆಗಳಲ್ಲಿ ಮೇಜು ಕುಟ್ಟಿದ್ದೇನೆ. ಹೆದರುತ್ತವೆಂಬುದರಲ್ಲೂ, ಸತ್ಯ ಅವುಗಳನ್ನು ತಟ್ಟುತ್ತದೆಂಬ ಒಂದು ಭರವಸೆಯಿತ್ತೆಂದು ಆ ದಿನ ತಿಳಿಯಿತು. ಸುಳ್ಳು ಬರೆದದ್ದಕ್ಕೂ ಪದವಿ, ಅದು ಸುಳ್ಳೆಂದು ಹೇಳಿದ್ದಕ್ಕೂ ಅದೇ ಪದವಿ. ಗ್ರಂಥಾಲಯದ ಕಪಾಟಿಗೆ ಹೋಗುವುದು ಮಾತ್ರ ಬಂಗಾರದ ಅಕ್ಷರದ ರಟ್ಟಿನೊಳಗಿನ ಐದನೆಯ ಅಧ್ಯಾಯ. ನಾಳೆ ಯಾವನೋ ಅದರಿಂದ ಎತ್ತಿಕೊಂಡು ತನ್ನ ಐದನೆಯ ಅಧ್ಯಾಯ ಬರೆಯುತ್ತಾನೆ. ಸಭೆಯಲ್ಲಿ ಅವಳಾಡಿದ ಮಾತಿಗೆ ಪುಟಸಂಖ್ಯೆಯಿಲ್ಲ.

ಅದನ್ನು ಪೂರ್ತಿ ಕೇಳಿಸಿಕೊಂಡವರು ಒಬ್ಬರಿದ್ದರು. ಊಟದ ಹಾಲಿನ ಬಾಗಿಲ ಬಳಿ ಕುರ್ಚಿಯ ಮೇಲೆ ಕುಳಿತು ಡಬ್ಬಿಯಿಂದ ಹೋಳಿಗೆ ತೆಗೆದು ಹಾಕುತ್ತಿದ್ದ ಮಂಜುಳಾಳ ತಾಯಿ ನನ್ನ ತಟ್ಟೆ ಬಂದಾಗ ಕೈ ನಿಲ್ಲಿಸಿದಳು.

“ಯಪ್ಪಾ, ನೀವಲ್ಲೇನು ಕೇಳಿದವ್ರು? ನನಗ ಒಂದೀಟು ತಿಳೀಲಿಲ್ಲ. ನನಗ ಹೇಳಾಕ ಬರಲಿಲ್ಲಂತ ಆ ಬುಕ್ಕಿನಾಗ ಬರದೈತೇನು?”

ನಾನು ತಟ್ಟೆ ಹಿಡಿದು ನಿಂತೆ. ಹಾರ ಹಾಕಿಕೊಂಡೇ ಹಿಂದೆ ಬಂದ ಮಂಜುಳಾ, “ಯವ್ವಾ, ನಾ ಅಲ್ಲೇ ಹೇಳಿದ್ನಲ್ಲ, ಅದು ತಪ್ಪಂತ,” ಎಂದಳು.

“ನೀ ಹೇಳೀದಿ ಬಿಡವಾ, ಕೇಳೇನಿ. ಬರದದ್ದು ಹಂಗ ಇರತೈತೇನು?”

ಸುತ್ತ ನೋಡಿದೆ. ಗೈಡು, ಪರೀಕ್ಷಕರು, ಅಧ್ಯಕ್ಷರು ಎಲ್ಲರೂ ಊಟದ ಮುಂದಿದ್ದರು. ಅಷ್ಟೂ ವೈವಾಗಳಲ್ಲಿ ಚೀಟಿಯಿಲ್ಲದೆ ಎದ್ದ ಮೊದಲ ಪ್ರಶ್ನೆ ಅದು, ಮತ್ತು ಉತ್ತರಿಸಬೇಕಾದ ಸ್ಥಳದಲ್ಲಿ ನಾನಿದ್ದೆ. ನಾನು ಕೇಳದಿದ್ದರೆ ಆಕೆಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಮಗಳು ತನ್ನ ನೋವಿನ ಮೇಲೆ ದೊಡ್ಡ ಪುಸ್ತಕ ಬರೆದಳೆಂಬ ಹೆಮ್ಮೆಯಲ್ಲಿ ಕ್ರೂಸರ್ ಹತ್ತುತ್ತಿದ್ದಳು. ಪರವಾಗಿಯೂ ವಿರೋಧವಾಗಿಯೂ ಏಕಕಾಲಕ್ಕೆ ಮಾತಾಡಬಲ್ಲ ನಾನು ತಟ್ಟೆಯ ಅಂಚನ್ನು ಒರೆಸಿದೆ. ಆಕೆ ಸ್ವಲ್ಪ ಹೊತ್ತು ಕಾದಳು, ದವಾಖಾನೆಯ ಮೇಜಿನ ಮುಂದೆ ಹೀಗೆಯೇ ಕಾದಿದ್ದಳೇನೋ. ಆಮೇಲೆ ಹೋಳಿಗೆಯನ್ನು ತಟ್ಟೆಗೆ ಹಾಕಿ, “ಹೋಗ್ಲಿ, ಉಣ್ಣು,” ಎಂದಳು. ಮಂಜುಳಾಳನ್ನು ಫೋಟೋಕ್ಕೆ ಕರೆದರು.

ಈಗ ಅವ್ವ ಒಗೆಯುವ ಮುಂಚೆ ನನ್ನ ಕಿಸೆ ತಡಕಿ ನೋಡುತ್ತಾಳೆ. ಮೊನ್ನೆ ಕಲ್ಲಿನ ಬಳಿ ಕುಳಿತು ಎರಡು ಚೀಟಿ ಹೊರಗೆ ತೆಗೆದಳು. ಒಂದು ಬರುವ ವಾರದ ಭೌತಶಾಸ್ತ್ರದ ವೈವಾದ್ದು. ಹೋಗುತ್ತೇನೆಯೇ ಎಂದು ನೀವು ಕೇಳುತ್ತೀರಿ. ಹೋಗುತ್ತೇನೆ, ಮತ್ತು ಅದಕ್ಕೆ ಕೊಡುವ ಯಾವ ಘನವಾದ ಕಾರಣವನ್ನೂ ನಂಬಬೇಡಿ. ಇನ್ನೊಂದನ್ನು, ಮಂಜುಳಾ ಕೊಟ್ಟದ್ದನ್ನು, ಅವ್ವ ಆಚೀಚೆ ತಿರುಗಿಸಿ ಬಿಸಿಲಿಗೆ ಹಿಡಿದಳು.

“ಇದರಾಗ ಏನೂ ಬರದಿಲ್ಲಲ್ಲೋ. ಚೆಲ್ಲಲೇನು?”

“ಬ್ಯಾಡವಾ, ಇರ್ಲಿ. ಆ ಬರದದ್ದನ್ನ ಬೇಕಾರ ಚೆಲ್ಲು.”

ಅವ್ವ ನನ್ನ ಮುಖ ನೋಡಿದಳು. ಖಾಲಿ ಚೀಟಿಯನ್ನು ಸಾಬೂನಿನ ಡಬ್ಬಿಯ ಕೆಳಗೆ, ಗಾಳಿಗೆ ಹಾರದಂತೆ ಇಟ್ಟು, ಅಂಗಿಯನ್ನು ನೀರಿಗೆ ಅದ್ದಿದಳು.