ಸೋಮವಾರದ ಹಾಜರಿ

ಎಪ್ಪತ್ತನಾಲ್ಕರ ಬೇಸಿಗೆ. ಒರಳಿನಲ್ಲಿ ರೊಟ್ಟಿಗೆಂದು ಶೇಂಗಾ ಹಿಂಡಿ ಕುಟ್ಟುತ್ತಿದ್ದೆ. ಸಿಂದಗಿಯಿಂದ ಬಂದವರೊಬ್ಬರು, ಅಲ್ಲಿನ ಹತ್ತಿ ಬಿಡಿಸುವ ಜಿನ್ನು ಗಿರಣಿಯ ಯಂತ್ರದ ಪಟ್ಟಾದಲ್ಲಿ ನನ್ನ ತಮ್ಮ ಶಂಕ್ರಪ್ಪನ ಬಲಗೈ ಸಿಕ್ಕಿತೆಂದು ಹೇಳಿದರು. ನಾಲ್ಕು ರೊಟ್ಟಿ ಕಟ್ಟಿಕೊಂಡು ಹೂವಿನ ಹಿಪ್ಪರಗಿಯ ಬಸ್ ನಿಲ್ದಾಣಕ್ಕೆ ಓಡಿದೆ. ಹೊರಟಿದ್ದ ಬಸ್ಸನ್ನು ಕಂಡಕ್ಟರ್ ಸೀಟಿ ಊದಿ ನಿಲ್ಲಿಸಿದ. ಅವನ ಹೊಟ್ಟೆ ತಣ್ಣಗಿರಲಿ.

ದೇವರ ಹಿಪ್ಪರಗಿಯಲ್ಲಿ ಇನ್ನೊಂದು ಬಸ್ಸಿಗೆ ಉರಿಬಿಸಿಲಿನಲ್ಲಿ ಒಂದು ತಾಸು ಕಾದೆ. ಸಿಂದಗಿ ಮುಟ್ಟಿದಾಗ ಮಧ್ಯಾಹ್ನ ಎರಡು. ದವಾಖಾನೆಯಲ್ಲಿ ತಮ್ಮ ಎದ್ದು ಕುಳಿತಿದ್ದ. ಎರಡು ಬೆರಳು ಹೋಗಿದ್ದವು, ಹೆಬ್ಬೆರಳು ಉಳಿದಿತ್ತು. ಉಣ್ಣುವ ಕೈ ಉಳಿಸಿದ ಬಸವಣ್ಣನಿಗೆ ನಿಂತಲ್ಲೇ ಕೈ ಮುಗಿದೆ.

“ಅಕ್ಕಾ, ನಾ ಕಾಯಂ ಆಳಲ್ಲ ಅಂತಾರ. ನೌಕರಿ ಹೋತು,” ಎಂದ. ಕಾಯಂ ಆದವರಿಗೆ ಔಷಧದ ಹೊಣೆ ಜಿನ್ನಿನದು, ಕೆಲಸವೂ ಉಳಿಯುತ್ತದೆ. ಬಂದು ಹೋಗುವ ಕೂಲಿಗೆ ಎರಡೂ ಇಲ್ಲ.

ನೆಟ್ಟಗೆ ಜಿನ್ನಿಗೆ ಹೋದೆ. ಕಾರಕೂನರು ಹಾಜರಿ ಪುಸ್ತಕ ಬಿಚ್ಚಿದರು. “ನೋಡವಾ, ನಿನ್ನ ತಮ್ಮ ಒಬ್ಬಂವ ಪ್ರತಿ ಸೋಮವಾರ ಗೈರು. ಇಂಥಾಂವ ಕಾಯಂ ಹ್ಯಾಂಗ ಆಗ್ತಾನ?”

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. “ಅವತ್ತ ನಿಮ್ಮ ಜಿನ್ನು ನಡೀತೈತೇನ್ರಿ? ಎತ್ತು ಹೂಡಲಾರದ ದಿನ ಹತ್ತಿ ಬಂಡಿ ಎಲ್ಲಿಂದ ಬರ್ತಾವ?” ಎಂದೆ.

ಕಾರಕೂನರು ತಲೆ ತುರಿಸಿಕೊಂಡರು. “ನಡಿಯಂಗಿಲ್ಲ ಖರೆ. ಆದ್ರೂ ಪುಸ್ತಕದಾಗಿದ್ದ ಎಲ್ಲಾರ್ದೂ ಹಾಜರಿ ಹಾಕ್ತೇವಿ. ಇಂವನ ಬಂದು, ದುಡೀಲಾರದ ದಿನದ ಹಾಜರಿ ನನಗ ಬ್ಯಾಡ್ರಿ, ಬಸವಣ್ಣ ಮೆಚ್ಚಂಗಿಲ್ಲ ಅಂದಾ.”

ಗಾದಿಯ ಮೇಲಿದ್ದ ಜಿನ್ನಿನ ಸಾವ್ಕಾರರು ಕಾರಕೂನರತ್ತ ನೋಡಿ ನಕ್ಕರು. ಹಣೆಯ ತುಂಬ ವಿಭೂತಿ. “ನನ್ನ ಎತ್ತೂ ಸೋಮವಾರ ಮೇಯ್ಕೋಂತ ನಿಂತಿರ್ತಾವ. ಅವನ್ನೂ ಕೆಲಸದಿಂದ ತಗೀತಿಯೇನೋ? ಬರಿ, ಕಾಯಂ ಅಂತ. ಗಾಯ ಮಾಯೂತನಕ ಔಷಧ ನಮ್ದು. ಆಮ್ಯಾಲ ಗೇಟ್ ಕಾಯ್ಲಿ.”

ಕಣ್ಣು ತುಂಬಿ ಬಂತು, ಕೈ ಮುಗಿದು ಹೊರಬಂದೆ. ಅಲ್ಲಿ ಹತ್ತಿ ಆರಿಸುತ್ತ ಎಲ್ಲ ಕೇಳಿಸಿಕೊಂಡಿದ್ದ ಮುದುಕಿ ಸೆರಗಿನಿಂದ ಮುಖದ ಅರಳೆ ಒರೆಸಿಕೊಂಡಳು. “ನಿನ್ನ ತಮ್ಮಂದು ಪುಸ್ತಕದಾಗ ಗೈರು ಅಂತಾದ್ರೂ ಹೆಸರಿತ್ತು ತಂಗೆವ್ವಾ. ನಮ್ಮ ಹೆಸರ ಇಲ್ಲ. ನಮ್ಮ ಕೈ ಹೋದ್ರ ಯಾವ ಅಕ್ಕ ಬರ್ಬೇಕು?”

ಅವಳ ಪಕ್ಕ ಕುಳಿತು ರೊಟ್ಟಿ ಹಂಚಿಕೊಂಡು ತಿಂದೆ, ಹೆಸರು ಕೇಳಿದೆ. ಗೌರವ್ವ ಎಂದಳು. ದವಾಖಾನೆಗೆ ತಿರುಗಿ ಬಂದು ತಮ್ಮನಿಗೆ ಹೇಳಿದೆ: “ಗೇಟಿನಾಗ ಕುಂತಂದ್ರ ಸಾವ್ಕಾರ್ರು ದಿನಾ ಸಿಗ್ತಾರ. ಹತ್ತಿ ಆರಿಸೋ ಗೌರವ್ವನ ಹೆಸರು ಪುಸ್ತಕದಾಗ ಬರಸ್ಕೋರಿ ಅನ್ನು. ನಾಚಬ್ಯಾಡ.”

“ಹೂಂ ಅಕ್ಕಾ, ಅಂತೇನಿ,” ಎಂದ.

ಮರುದಿನ ಊರು ಮುಟ್ಟಿದೆ. ನೆರೆಮನೆಯವಳು ಎಮ್ಮೆ ಹಿಂಡಿ ಹಾಲು ಕಾಸಿಟ್ಟಿದ್ದಳು, ಅದೂ ಒಂದು ಪುಣ್ಯ. ದೇವರಿಗೆ ಎರಡು ದೀಪ ಹಚ್ಚಿದೆ, ತಮ್ಮನದೊಂದು, ಗೌರವ್ವನದೊಂದು. ಆಮೇಲೆ ಹಾಲಿಗೆ ಹೆಪ್ಪು ಹಾಕಲು ಕುಳಿತೆ.