ಕುರ್ಚಿಯಕ್ಕನ ತಪ್ಪಿದ ಅಂದಾಜು

ಸಭಾಂಗಣದಲ್ಲಿ ಕುರ್ಚಿ ಹಾಕುವ ಕೆಲಸಕ್ಕೆ ಸೇರಿ ಆಕೆಗೆ ಇಪ್ಪತ್ತೆರಡು ವರ್ಷವಾಗಿತ್ತು. ಎಲ್ಲರ ಬಾಯಲ್ಲೂ ಆಕೆ ಕುರ್ಚಿಯಕ್ಕ. ಏನು ಕಾರ್ಯಕ್ರಮವೆಂದು ಕಿವಿಗೆ ಬಿದ್ದರೆ ಸಾಕು, ಎಷ್ಟು ಜನ ಬರುತ್ತಾರೆಂದು ಹೇಳಿಬಿಡುತ್ತಿದ್ದಳು. ಕವಿಗೋಷ್ಠಿಗೆ ನಲವತ್ತು. ಆದರೆ ಒಬ್ಬೊಬ್ಬ ಕವಿಯೂ ತನ್ನ ಪದ್ಯ ಓದಿದ ಕೂಡಲೇ ಚಪ್ಪಲಿ ಹುಡುಕುವುದರಿಂದ ಕಡೆಗೆ ಉಳಿಯುವುದು ಕೊನೆಯ ಕವಿ, ಅವನ ಹೆಂಡತಿ. ಪುಸ್ತಕ ಬಿಡುಗಡೆಗೆ ಎಂಬತ್ತು, ಅದರಲ್ಲಿ ಅರವತ್ತು ಬರೆದವರ ನೆಂಟರೇ. ಚಿತ್ರ ಪ್ರದರ್ಶನಕ್ಕೆ ಕುರ್ಚಿಯೇ ಬೇಡ, ನೋಡುವವರು ಒರಗಿದ ಗೋಡೆಯನ್ನು ಮಾತ್ರ ಮರುದಿನ ಒರೆಸಬೇಕು. ತಿಂಗಳ ಎರಡನೆಯ ಶನಿವಾರದ ಇತಿಹಾಸದ ಉಪನ್ಯಾಸಕ್ಕೆ ಇಪ್ಪತ್ತೈದು. ಅದರಲ್ಲಿ ಆರು ಜನ ಬರುವುದು ಫ್ಯಾನಿನ ಕೆಳಗೆ ನಿದ್ದೆ ಮಾಡಲು.

ಸಭಾಂಗಣದಲ್ಲಿ ನೂರಿಪ್ಪತ್ತು ಮಡಚುವ ಕುರ್ಚಿಗಳಿದ್ದವು. ಕಾಲು ಅಲ್ಲಾಡುವ ಮೂರಕ್ಕೆ ಆಕೆ ಕೆಂಪು ದಾರ ಕಟ್ಟಿ ಬೇರೆಯಾಗಿ ಇಟ್ಟಿದ್ದಳು. ಇಪ್ಪತ್ತೈದು ಜನಕ್ಕೆ ಆಕೆ ಹಾಕುತ್ತಿದ್ದುದು ಇಪ್ಪತ್ತೇ ಕುರ್ಚಿ. ಉಳಿದದ್ದೆಲ್ಲ ಹಿಂದಿನ ಕೋಣೆಯಲ್ಲಿ, ಬೀಗದ ಕೈ ಸೊಂಟದಲ್ಲಿ. ಐದು ಜನ ನಿಂತರೆ ಸಭೆ ತುಂಬಿ ತುಳುಕಿದ ಹಾಗೆ ಕಾಣುತ್ತದೆ, ಮಾತಾಡುವವರ ಗಂಟಲು ತಾನಾಗಿ ತೆರೆಯುತ್ತದೆ. ಅದೇ ಜನಕ್ಕೆ ನೂರು ಕುರ್ಚಿ ಹಾಕಿ ನೋಡಿ, ಊಟ ಮುಗಿದ ಮೇಲೆ ಉಳಿದ ನೆಂಟರ ಹಾಗೆ ಅಲ್ಲೊಬ್ಬರು ಇಲ್ಲೊಬ್ಬರು.

ಎರಡನೇ ತರಗತಿಗೆ ಶಾಲೆ ಬಿಟ್ಟವಳಿಗೆ ಈ ಉಪನ್ಯಾಸವೇ ಶಾಲೆ. ಬಾಗಿಲ ಪಕ್ಕದ ಕೊನೆಯ ಕುರ್ಚಿ ಆಕೆಯದು. ತಾನು ದಿನಾ ಸೊಪ್ಪು ಕೊಳ್ಳುವ ಮೂಲೆಯಲ್ಲಿ ಹಿಂದೆ ಕುದುರೆ ಲಾಯವಿತ್ತೆಂದು ತಿಳಿದದ್ದು ಅಲ್ಲಿ ಕೂತೇ. ಅಂದಿನಿಂದ ಸೊಪ್ಪು ಆರಿಸುವಾಗೆಲ್ಲ ಆಕೆಗೆ ಒಳಗೊಳಗೇ ನಗು.

ಒಮ್ಮೆ ಆ ತಿಂಗಳ ಉಪನ್ಯಾಸ ಕೊಡಬೇಕಾದ ಪ್ರಾಧ್ಯಾಪಕರು ಜ್ವರವೆಂದು ಹೇಳಿ ಕಳಿಸಿದರು. ಸಭಾಂಗಣದ ಕಾರ್ಯದರ್ಶಿಗೆ ಬೇಕಾದದ್ದೂ ಅದೇ.

"ನಿಲ್ಲಿಸಿಬಿಡೋಣ ಅಮ್ಮ. ಶನಿವಾರಕ್ಕೆ ಬಟ್ಟೆ ಮಾರಾಟದವರು ಹಾಲ್ ಕೇಳ್ತಿದಾರೆ. ಇಪ್ಪತ್ತೈದು ಜನಕ್ಕೋಸ್ಕರ ಎಷ್ಟು ದಿನ ಅಂತ ದೀಪ ಉರಿಸೋದು?"

ಕುರ್ಚಿಯಕ್ಕ ತಡವರಿಸಲಿಲ್ಲ.

"ನಮ್ಮ ನೀರಣ್ಣ ಮಾತಾಡ್ಲಿ ಸಾರ್. ಯಾವ ಬೀದಿಗೆ ಯಾವಾಗ ನಲ್ಲಿ ಬಂತು, ಯಾವ ಬಾವಿ ಎಲ್ಲಿ ಮುಚ್ಚಿದ್ರು, ಎಲ್ಲಾ ಅವ್ರ ತಲೇಲಿದೆ. ಅದು ಇತಿಹಾಸ ಅಲ್ವಾ?"

ನೀರಣ್ಣನೆಂದರೆ ಮೂವತ್ತೊಂದು ವರ್ಷ ಬೀದಿಬೀದಿಗೆ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ನೀರು ಬಿಡುತ್ತಿದ್ದ ನಿವೃತ್ತ ನೌಕರ.

ಕಾರ್ಯದರ್ಶಿ ನಕ್ಕ. "ಆಯ್ತು. ಐವತ್ತು ತಲೆ ಕಂಡ್ರೆ ಮುಂದುವರಿಸೋಣ. ಕಾಣದಿದ್ರೆ ಇದೇ ಕೊನೇದು."

ಐವತ್ತು! ಇತಿಹಾಸಕ್ಕೆ ಐವತ್ತು ಜನ ಬಂದದ್ದನ್ನು ಆಕೆ ಕಂಡೇ ಇರಲಿಲ್ಲ. ಆ ಶನಿವಾರ ಮಧ್ಯಾಹ್ನ ಬಹಳ ಯೋಚಿಸಿ ಇಪ್ಪತ್ತೇ ಕುರ್ಚಿ ಹಾಕಿದಳು, ಅದೂ ಎರಡು ಸಾಲು ಬಾಗಿಲಿಗೆ ಹತ್ತಿರವಾಗಿ. ಕಾರ್ಯದರ್ಶಿ ಯಾವಾಗಲೂ ತಡವಾಗಿ ಬಂದು ಬಾಗಿಲಲ್ಲೇ ನಿಂತು ನೋಡುವವನು. ಬಾಗಿಲಲ್ಲಿ ನಿಂತವರು ಅವನ ಕಣ್ಣಿಗೆ ಅಡ್ಡವಾದರೆ ಮೂವತ್ತು ಜನವೂ ಐವತ್ತಾಗಿ ಕಾಣಬಹುದು. ಸಭಾಂಗಣದ ಅಂಗಳದಲ್ಲಿ ಚಹಾ ಮಾರುವ ನಾದಿನಿ ಅದನ್ನು ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಅತ್ತಿಗೆ, ಕುರ್ಚಿ ನಿಮ್ಮ ತವರಿನ ಆಸ್ತೀನಾ? ಇಷ್ಟು ಜಿಪುಣತನ!"

"ನೀನು ಚಹಾಕ್ಕೆ ಹಾಕೋ ಹಾಲಿಗಿಂತ ಜಾಸ್ತೀನೇ ಹಾಕಿದೀನಿ, ಹೋಗೇ."

ಆರು ಗಂಟೆಯ ಸಭೆಗೆ ಐದೂವರೆಗೇ ಇಪ್ಪತ್ತು ಕುರ್ಚಿಯೂ ತುಂಬಿದವು. ಬಾಗಿಲಲ್ಲಿ ಹತ್ತು ಜನ ನಿಂತರು. ಕುರ್ಚಿಯಕ್ಕ ಒಳಗೊಳಗೇ ಬೀಗುತ್ತ ವೇದಿಕೆಯ ಹಿಂದೆ ಹೋಗಿ ಹೂಜಿಗೆ ನೀರು ತುಂಬಿಸಿದಳು. ಬೆವರುತ್ತಿದ್ದ ನೀರಣ್ಣನಿಗೆ ಧೈರ್ಯ ಹೇಳಿದಳು. ಅಷ್ಟರಲ್ಲಿ ನಾದಿನಿ ಸೌಟು ಹಿಡಿದೇ ಓಡಿ ಬಂದಳು.

"ಅತ್ತಿಗೆ! ನಿಮ್ಮ ಪುಣ್ಯದಿಂದ ನನ್ನ ಚಹಾ ಖಾಲಿ. ಬಂದವರೆಲ್ಲ ಬಾಗಿಲಲ್ಲಿ ಇಣುಕಿ, ಒಳಗೆ ಜಾಗ ಇಲ್ಲ ಅಂತ ವಾಪಸ್ ಹೋಗ್ತಿದಾರೆ!"

"ಎಷ್ಟು ಜನ?"

"ಎಣಿಸೋಕೆ ನಾನೇನು ನೀವಾ? ನಮ್ಮ ಬೀದಿ ಪೂರ್ತಿ ಬಂದಿತ್ತು. ದರ್ಜಿ ಬಂದಿದ್ದ, ಅವನ ಅಮ್ಮನೂ ಬಂದಿದ್ಲು."

ಆಗ ಆಕೆಗೆ ಹೊಳೆಯಿತು. ಪ್ರಾಧ್ಯಾಪಕರನ್ನು ಕೇಳಲು ಇತಿಹಾಸ ಬೇಕಾದವರು ಬರುತ್ತಿದ್ದರು. ನೀರಣ್ಣನ ಮುಖ ನೋಡದೆ ಮೂವತ್ತೊಂದು ವರ್ಷ ಕೊಡ ತುಂಬಿಸಿಕೊಂಡವರು ಯಾರು? ಇಪ್ಪತ್ತೆರಡು ವರ್ಷದಲ್ಲಿ ಎಣಿಸಿದ್ದೆಲ್ಲ ಕಾರ್ಯಕ್ರಮದ ಹೆಸರಿನ ಮೇಲೆ, ಮಾತಾಡುವ ಮನುಷ್ಯನ ಮೇಲಲ್ಲ. ತನ್ನ ಜಾಣತನವೇ ಬಂದವರ ಮುಖಕ್ಕೆ ಬಾಗಿಲು ಹಾಕಿತ್ತು.

ಸೊಂಟದಿಂದ ಬೀಗದ ಕೈ ಕಿತ್ತಳು. ಬಾಗಿಲಲ್ಲಿ ನಿಂತಿದ್ದವರನ್ನೇ ಸಾಲು ನಿಲ್ಲಿಸಿದಳು. "ನೋಡ್ತಾ ನಿಂತ್ರೆ ಆಗಲ್ಲ, ಕೈ ಕೊಡಿ!" ಕುರ್ಚಿಗಳು ಕೈಯಿಂದ ಕೈಗೆ, ತಲೆಗಳ ಮೇಲೆ ತೇಲಿಕೊಂಡು ಬಂದವು. ತಾನು ಎರಡು ಕಂಕುಳಲ್ಲಿ ಎರಡು ಕುರ್ಚಿ ಸಿಕ್ಕಿಸಿಕೊಂಡು ಬೀದಿಗೇ ಓಡಿದಳು. ತಿರುವಿನ ತನಕ ಹೋಗಿ ಒಂದನ್ನು ರಸ್ತೆಯಂಚಿನಲ್ಲಿ ಬಿಚ್ಚಿಟ್ಟು ಕೂಗಿದಳು.

"ದರ್ಜಿಯಣ್ಣಾ, ಅಮ್ಮನ್ನ ಕರ್ಕೊಂಡು ಬಾರಪ್ಪಾ! ಜಾಗ ಇದೆ! ನೀವಿರೋ ಕಡೆಗೇ ಕುರ್ಚಿ ತಂದಿದೀನಿ, ನೋಡು!"

ದರ್ಜಿ ತಿರುಗಿದ. ಅವನ ಹಿಂದೆ ಇನ್ನೂ ಹತ್ತು ಜನ ತಿರುಗಿದರು. ದರ್ಜಿಯ ಅಮ್ಮ ಅಲ್ಲೇ ಆ ಕುರ್ಚಿಯ ಮೇಲೆ ಕೂತು ಉಸಿರು ತೆಗೆದುಕೊಂಡು, "ಇಷ್ಟು ಮರ್ಯಾದೆ ನನ್ನ ಮದುವೇಲೂ ಸಿಕ್ಕಿರ್ಲಿಲ್ಲ ಕಣೇ," ಎಂದಳು.

ಒಳಗೆ ಜಾಗ ಸಿಗದವರಿಗೆ ಮೆಟ್ಟಿಲ ಮೇಲೆ, ಅಂಗಳದಲ್ಲಿ ಕುರ್ಚಿ ಬಿದ್ದವು. ಕಿಟಕಿಗಳೆಲ್ಲ ತೆರೆದವು. ಕಾರ್ಯದರ್ಶಿ ಬಂದಾಗ ಅವನಿಗೇ ಒಳಗೆ ನುಗ್ಗಲು ದಾರಿಯಿರಲಿಲ್ಲ.

"ಹೊರಗೆ ಕೂತವರನ್ನೂ ಎಣಿಸಬೇಕಾ ಅಮ್ಮ?"

"ಅವ್ರಿಗೇನು ತಲೆ ಇಲ್ವಾ ಸಾರ್?"

ನೀರಣ್ಣ ಬರೆದು ತಂದ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ ಜೇಬಿಗೆ ತುರುಕಿದ. "ಮೊದಲನೇ ನಲ್ಲಿ ಬಂದಿದ್ದು ಗಡಿಯಾರ ರಿಪೇರಿ ಅಂಗಡಿ ಎದುರಿಗೆ," ಎಂದು ಶುರುಮಾಡಿದ. ಕಿಟಕಿಯಾಚೆಯಿಂದ ದರ್ಜಿಯ ಅಮ್ಮ, "ಅದಕ್ಕೆ ಮುಂಚೆ ನಾವು ಎಷ್ಟು ದೂರ ನಡೀತಿದ್ವಿ ಅಂತ ಹೇಳಪ್ಪ!" ಎಂದಳು. "ನೀವೇ ಹೇಳಿ ಅಮ್ಮಾ," ಎಂದ ನೀರಣ್ಣ. ಆಮೇಲೆ ಉಪನ್ಯಾಸ ಒಬ್ಬರದಾಗಿ ಉಳಿಯಲಿಲ್ಲ. ಯಾರ ಮನೆಯ ಬಾವಿ, ಯಾರ ಕೊಡ, ಯಾವ ನಲ್ಲಿಯ ಮುಂದೆ ಯಾರ ಜಗಳ, ಎಲ್ಲ ಹೊರಬಿದ್ದವು. ಆರು ಜನ ನಿದ್ದೆಗಾರರಲ್ಲಿ ಐವರು ಎದ್ದು ಕೂತಿದ್ದರು.

ಕಾರ್ಯದರ್ಶಿ ಬೆರಳು ಮಡಚುತ್ತ ಎಣಿಸಿ ತೊಂಬತ್ತೆರಡರಲ್ಲಿ ಕೈಬಿಟ್ಟ. ಆಗ ನೋಡಿದರೆ ಕುರ್ಚಿಯಕ್ಕ ಗೋಡೆಗೆ ಒರಗಿ ನಿಂತಿದ್ದಳು. ಬಾಗಿಲ ಪಕ್ಕದ ಆಕೆಯ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ನಾದಿನಿ ಬಕೆಟ್ ತಂದು ಬೋರಲು ಹಾಕಿದಳು.

"ಕೂತ್ಕೊಳ್ಳಿ. ಗೋಡೆ ಕೊಳೆಯಾದ್ರೆ ನಾಳೆ ಒರೆಸೋರು ನೀವೇ."

ಸಭೆ ಮುಗಿದ ಮೇಲೆ ಕಾರ್ಯದರ್ಶಿ ಬಾಗಿಲ ಹಲಗೆಯಲ್ಲಿ ಮುಂದಿನ ಎರಡನೆಯ ಶನಿವಾರದ ತಾರೀಖು ಬರೆದ. ಸೀಮೆಸುಣ್ಣ ಕೆಳಗಿಟ್ಟು, "ಮುಂದಿನ ಸಲ ಎಷ್ಟು ಕುರ್ಚಿ ಹಾಕ್ತೀರಿ ಅಮ್ಮ?" ಎಂದು ಕೇಳಿದ.

ಕುರ್ಚಿಯಕ್ಕ ಬಕೆಟ್ ಮೇಲಿಂದ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು.

"ಮಾತಾಡೋರು ಯಾರು ಅಂತ ಮೊದಲು ಹೇಳಿ ಸಾರ್. ಆ ಕೆಂಪು ದಾರದ ಮೂರಕ್ಕೂ ನಾಳೆ ಬಡಗಿಯನ್ನ ಕರೆಸಿ."