ಮಸ್ಕತ್‌ನ ಪಾಲುದಾರ

ಸುದ್ದಗುಂಟೆಪಾಳ್ಯದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಬಟ್ಟೆಯ ರಾಶಿಯ ಮೇಲೆ ಮಲಗಿರುತ್ತಿತ್ತು. ನನ್ನ ಮಗಳು, ಅಂದರೆ ನಿಮ್ಮಮ್ಮ, ಅಲ್ಲಿ ಕೆಲವು ಹೆಂಗಸರನ್ನಿಟ್ಟುಕೊಂಡು ಶಾಲೆಯ ಯೂನಿಫಾರಂ ಹೊಲಿಸುತ್ತಿದ್ದಳು. ಮೆಷಿನ್‌ಗಳು ಹಳತಾಗಿದ್ದವು. ಹೊಸವು ಬಾರದಿದ್ದರೆ ಕೋಣೆಗೆ ಬೀಗ ಬೀಳುತ್ತಿತ್ತು. ಬ್ಯಾಂಕಿನ ಸಾಲ ನಮಗೆ ಬೇಡವಾಗಿತ್ತು. ಬಡ್ಡಿ ಕೊಡುವುದೂ ತೆಗೆದುಕೊಳ್ಳುವುದೂ ನಮ್ಮ ಧರ್ಮದಲ್ಲಿಲ್ಲ.

ಆಗ ನಮ್ಮ ಕೆಲಸಕ್ಕೆ ಹಣ ಹೂಡಲು ಬಂದವರು ಮಸ್ಕತ್‌ನ ಒಬ್ಬ ವ್ಯಾಪಾರಿ, ನಮ್ಮ ಧರ್ಮದವರೇ. ಹುಟ್ಟಿ ಬೆಳೆದದ್ದು ಅಲ್ಲೇ. ತಾಯಿ ಮಂಗಳೂರಿನವರಾದ್ದರಿಂದ ಕನ್ನಡ ಬರುತ್ತಿತ್ತು. ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ, ಹೊರದೇಶದ ಹಣಕ್ಕೆ ಇಲ್ಲಿನ ಕಾನೂನು ಏನು, ರೂಪಾಯಿ ಇಳಿದರೆ ಅವರ ರಿಯಾಲಿನ ಲೆಕ್ಕ ಏನಾಗುತ್ತದೆ ಎಂದೆಲ್ಲ ನಿಧಾನವಾಗಿ ವಿಚಾರಿಸಿದರು. ನಾನು ಅಡುಗೆಮನೆಯ ಪರದೆಯ ಹಿಂದೆ ನಿಂತು, ಎಂದೂ ನೋಡದ ಅವರೂರಿನ ಸಮುದ್ರವನ್ನು ಕಲ್ಪಿಸಿಕೊಳ್ಳುತ್ತಿದ್ದೆ.

"ಸಾರ್, ನಮಗೆ ನಷ್ಟ ಆದ್ರೂ ಪರವಾಗಿಲ್ಲ. ತಿಂಗಳು ತಿಂಗಳು ಇಷ್ಟು ಅಂತ ತಪ್ಪದೆ ಕಳಿಸ್ತೀವಿ," ಎಂದಳು ನಿಮ್ಮಮ್ಮ.

ನಾನೂ ಒಳಗಿಂದಲೇ ತಲೆಯಾಡಿಸಿದೆ. ನಂಬಿ ಬಂದವರಿಗೆ ನಷ್ಟ ತಟ್ಟಬಾರದಲ್ಲ.

ಅವರು ಚಹಾದ ಲೋಟ ಕೆಳಗಿಟ್ಟರು. "ಹಾಗಾದ್ರೆ ನನಗೆ ಬೇಡ ತಂಗಿ. ಲಾಭ ಆಗಲಿ ನಷ್ಟ ಆಗಲಿ ಇಷ್ಟು ಅಂತ ಕಟ್ಟಿದ್ರೆ ಅದು ಬಡ್ಡಿಯೇ ಅಲ್ವಾ?"

ಬಡ್ಡಿ ಎಂದರೆ ಬ್ಯಾಂಕಿನದು ಎಂದಷ್ಟೇ ತಿಳಿದಿದ್ದೆ. ಮರ್ಯಾದೆಗೆಂದು ಕೊಟ್ಟ ಮಾತೂ ಬಡ್ಡಿಯಾದೀತೆಂದು ಹೊಳೆದಿರಲಿಲ್ಲ. ಅವರು ಏಳುವುದರಲ್ಲಿದ್ದರು. ನನಗೆ ಹೇಗೆ ಧೈರ್ಯ ಬಂತೋ, ಪರದೆಯ ಹಿಂದಿನಿಂದಲೇ ಕೇಳಿದೆ: "ಹಂಗಾದ್ರೆ ನಮ್ಮ ಹಳ್ಳೀಲಿ ಮೇಕೆ ಪಾಲಿಗೆ ಬಿಡ್ತಾರಲ್ಲ, ಹಂಗೇನಪ್ಪ?"

"ಹೇಗೆ ಅದು?"

"ಮರಿ ಹಾಕಿದ್ರೆ ಇಬ್ಬರಿಗೂ ಪಾಲು. ಮೇಕೆ ಸತ್ರೆ ಒಡೆಯಂದು ಮೇಕೆ ಹೋಯ್ತು, ಸಾಕಿದವನದು ಮೈ ದುಡಿಮೆ ಹೋಯ್ತು."

"ಅಮ್ಮ, ಅವರ ದುಡ್ಡನ್ನ ಮೇಕೆ ಅಂತೀಯಲ್ಲ," ಎಂದು ನಿಮ್ಮಮ್ಮ ಗದರಿದಳು.

ಅವರು ನಗುತ್ತಾ ಮತ್ತೆ ಕುಳಿತರು. "ಅನ್ನಲಿ ಬಿಡಿ. ನನಗೆ ಬೇಕಾದದ್ದೂ ಅದೇ."

ಮೆಷಿನ್‌ಗಳು ಬಂದವು. ಆದರೆ ಮೊದಲ ವರ್ಷವೇ ಬಟ್ಟೆಯ ದರ ಏರಿ, ಹಳೆಯ ದರಕ್ಕೆ ಒಪ್ಪಿಕೊಂಡಿದ್ದ ಯೂನಿಫಾರಂಗಳಲ್ಲಿ ನಷ್ಟವಾಯಿತು. ಹಣ ವಾಪಸು ಕೇಳುತ್ತಾರೆಂದು ನಿಮ್ಮಮ್ಮ ಹೆದರಿದ್ದಳು. ಫೋನಿನಲ್ಲಿ ಏನನ್ನೂ ಮುಚ್ಚಿಡದೆ ಹೇಳಿದಳು. ಆ ಕಡೆಯಿಂದ ಗಾಳಿಯ ಸದ್ದೋ ಅಲೆಯ ಸದ್ದೋ, ಏನೋ ಕೇಳುತ್ತಿತ್ತು.

"ಹೋದ ದುಡ್ಡು ನನ್ನದು, ಹೋದ ದುಡಿಮೆ ನಿಮ್ಮದು. ಮುಂದಿನ ಸಲ ಬಟ್ಟೆ ಮೊದಲೇ ಕೊಂಡಿಟ್ಟುಕೊಳ್ಳಿ ತಂಗಿ," ಎಂದರು.

ನಿಮ್ಮಮ್ಮ ಮೇಲೆ ಹೋಗಿ ಕಿಟಕಿಗಳನ್ನು ತೆರೆದಳು. ಸ್ವಲ್ಪ ಹೊತ್ತಿಗೆ ಮೆಷಿನ್‌ಗಳು ಒಂದೊಂದಾಗಿ ಸದ್ದು ಮಾಡತೊಡಗಿದವು.